ಎಪ್ಪತ್ತೆರಡನೆಯ ಪ್ರಶ್ನೆ

ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರ ಉಗ್ರಾಣ ಅಧಿಕಾರಿ ಅಚ್ಯುತರ ಸಂಸಾರ ಅಲ್ಲಾಡಿದ್ದು ಒಂದು ಸ್ಕೂಟರಿನಿಂದ. ಅದನ್ನು ತಳ್ಳಿ ತಳ್ಳಿ ಕ್ವಾರ್ಟರ್ಸಿನ ನಲವತ್ತೆಂಟು ಮನೆಗಳ ಗಂಡಸರಿಗೂ ಪೈಲ್ವಾನರ ತೋಳು ಬಂದಿತ್ತು. ಇದರಲ್ಲಿ ಒಂದಿಂಚೂ ಉತ್ಪ್ರೇಕ್ಷೆಯಿಲ್ಲ. ತೋಳುಗಳು ಈಗಲೂ ಇವೆ, ಅಳೆದು ನೋಡಬಹುದು.

ಹೀಗಿರುವಾಗ, ೨೦೦೪ರ ಆಗಸ್ಟಿನಲ್ಲಿ, ಶುಕ್ರವಾರದ ರೈಲಿಗೆ ಬರುತ್ತೇನೆಂದು ಕಾಸರಗೋಡಿನಿಂದ ಮಾವನವರ ಫೋನು ಬಂತು. "ಸ್ಟೇಷನ್ನಿಗೆ ಕಾರು ತರ್ತೇನೆ ಮಾವ" ಎಂದು ಅಚ್ಯುತರ ಬಾಯಿಂದ ಬಂದುಬಿಟ್ಟಿತು.

ಹೆಂಡತಿ ನಿರ್ಮಲ ಸೌಟು ಕೆಳಗಿಟ್ಟರು. "ಈ ಸಲದ್ದನ್ನೂ ಊರವರು ತಳ್ಳುವ ಹಾಗಾದರೆ ನಾನು ಅಪ್ಪನ ಒಟ್ಟಿಗೇ ಹೊರಟೆ ಅಂತ ತಿಳ್ಕೊಳ್ಳಿ. ತಳ್ಳಿದವರ ಕಾಫಿಗೇ ದಿನಕ್ಕೆ ಎಷ್ಟು ಹಾಲು ಬೇಕು, ಗೊತ್ತುಂಟಾ ನಿಮಗೆ?"

ಮಹಡಿ ಮನೆಯ ಶ್ರೀಕಂಠ ಮೈಸೂರಿನವರು, ಅದೇ ಸಂಸ್ಥೆಯ ಆಡಿಟ್ ವಿಭಾಗದವರು. ಅಚ್ಯುತರು ಮಟ್ಟಾಂಚೇರಿಗೆ ಹಳೆಯ ವ್ಯಾಗನ್ ನೋಡಲು ಹೊರಟದ್ದು ತಿಳಿದು, ಕೇಳದೆಯೇ ಇಳಿದುಬಂದು ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟರು. "ಹಳೇ ಡೀಸೆಲ್ ವ್ಯಾಗನ್ ಅಂದ್ರೆ ಹುಡುಗಾಟ ಅಲ್ಲ ಕಣ್ರೀ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ವಾಪಸ್ ಬಂದ್ಬಿಡಿ. ತಣ್ಣಗಿರೋ ಎಂಜಿನ್ ಮಾತ್ರ ನಿಜ ಹೇಳೋದು. ನೀಲಿ ಹೊಗೆ ಬಂದ್ರೆ ಆಯಿಲ್ ಕುಡಿಯುತ್ತೆ. ಬಿಳಿ ಹೊಗೆ ನಿಲ್ದೇ ಇದ್ರೆ ಓಡಿ. ಮತ್ತೆ, ಹಾಳೆ ತಿರುಗಿಸೋದು ಮರೀಬೇಡಿ."

ಹಾಳೆ ತಿರುಗಿಸುವ ಅಭ್ಯಾಸ ಅಚ್ಯುತರ ಇಪ್ಪತ್ತು ವರ್ಷದ ಸರ್ವೀಸಿನಲ್ಲೇ ಇರಲಿಲ್ಲ. ಮೇಲಿನ ಹಾಳೆ ಓದುವುದು, ಕೆಳಗೆ ಸಹಿ ಹಾಕುವುದು; ಈ ಒಂದೇ ದಾರಿಯಲ್ಲಿ ಅವರು ಮೂರು ಬಡ್ತಿ ಏರಿದ್ದರು.

ಬುಧವಾರ ನಸುಕಿನ ರೈಲು ಹಿಡಿದು ಎರ್ನಾಕುಲಂನಲ್ಲಿ ಇಳಿದು, ದೋಣಿಯಲ್ಲಿ ಮಟ್ಟಾಂಚೇರಿಗೆ ಹೋದರು. ಒಣಶುಂಠಿಯ ಗೋದಾಮಿನ ಹಿಂದೆ ಹಸಿರು ಬಣ್ಣದ ವ್ಯಾಗನ್ ನಿಂತಿತ್ತು. ಎಷ್ಟು ಉದ್ದವೆಂದರೆ ಮೂತಿಗೆ ಬಿಸಿಲು ಬಿದ್ದಾಗ ಬಾಲಕ್ಕೆ ಮಳೆ. ಒಡತಿ ಜುಬೈದಾ ಕಾಸರಗೋಡಿನ ತವರಿನವರು.

ಅಚ್ಯುತರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಐಸಿನಂತೆ ತಣ್ಣಗಿತ್ತು. ಗಾಡಿಯ ಕೆಳಗೆ ತೂರಿ ನಾಣ್ಯದಿಂದ ತಟ್ಟಿದರು. ದೇವಸ್ಥಾನದ ಗಂಟೆಯಂತೆ ಮೊಳಗಿತು, ತುಕ್ಕಿನ ಸುಳಿವಿಲ್ಲ. ಕೀಲಿ ತಿರುಗಿಸಿದರೆ ಅರ್ಧ ತಿರುವಿಗೇ ಎಂಜಿನ್ ಎದ್ದಿತು. ಸೈಲೆನ್ಸರಿಗೆ ಹಿಡಿದ ಬಿಳಿ ಕರ್ಚೀಫು ಒಗೆದು ಇಸ್ತ್ರಿ ಮಾಡಿದಂತೆ ಹೊರಬಂತು. ಅಷ್ಟರಲ್ಲಿ ಗೋದಾಮಿನ ಹಮಾಲರೆಲ್ಲ ಸೇರಿದ್ದರು. ಇಬ್ಬರು ಹಾರ್ನ್ ಪರೀಕ್ಷಿಸುತ್ತಿದ್ದರು, ಒಬ್ಬ ಹಿಂದಿನ ಸೀಟು ಪರೀಕ್ಷಿಸುತ್ತ ನಿದ್ದೆಹೋಗಿದ್ದ.

"ಸಾರೇ, ನನ್ನನ್ನು ನೋಡ್ಲಿಕ್ಕೆ ಬಂದ ಗಂಡಿನವರೂ ಇಷ್ಟು ನೋಡ್ಲಿಲ್ಲ" ಎಂದರು ಜುಬೈದಾ.

ಮೈತುಂಬ ಶುಂಠಿಯ ಧೂಳು ಹೊತ್ತು ಅಚ್ಯುತರು ಸೀನಿದರು. "ಇಂಥ ಗಾಡಿ ಯಾಕೆ ಕೊಡುದು ಮತ್ತೆ?"

"ಓಡಿಸುತ್ತಿದ್ದ ನನ್ನ ಗಂಡ ತೀರಿಕೊಂಡರು ಸಾರೇ. ಅವರು ಹರಾಜಿನಲ್ಲಿ ತಂದದ್ದು. ಎಂಜಿನ್ ಸತ್ತಿದೆ ಅಂತ ಯಾರೋ ಬರೆದುಕೊಟ್ಟಿದ್ದರಂತೆ!"

"ಅಂಥ ದಡ್ಡರೂ ಉಂಟಲ್ಲ!" ಅಚ್ಯುತರು ಹೊಟ್ಟೆ ಹಿಡಿದು ನಕ್ಕರು. ಜುಬೈದಾ ದಪ್ಪ ಫೈಲು ಮುಂದಿಟ್ಟರು. ಅಚ್ಯುತರು ಮೇಲಿನ ಹಾಳೆ ಓದಿ, ಸಹಿ ಹಾಕಿದರು.

ಸಂಜೆ ನಾಲ್ಕಕ್ಕೆ ಗಾಡಿ ಕ್ವಾರ್ಟರ್ಸ್ ಸೇರಿತು. ನಿರ್ಮಲ ಆರತಿ ತಟ್ಟೆ ತರಲು ಒಳಗೋಡಿದರು. ಶ್ರೀಕಂಠ ಪಟ್ಟಿ ಕೇಳಿದರು.

"ಎಪ್ಪತ್ತೆರಡು ನೋಡಿದ್ರಾ?"

"ಎಪ್ಪತ್ತೊಂದೇ ಇರುದಲ್ವಾ?"

ಶ್ರೀಕಂಠ ಹಾಳೆ ತಿರುಗಿಸಿದರು. ಹಿಂಬದಿಯಲ್ಲಿ ಒಂದೇ ಸಾಲಿತ್ತು: 'ಮೊದಲ ಮಾಲೀಕರು ಯಾರು? ಯಾಕೆ ಕೊಟ್ಟರು?'

ಆಮೇಲೆ ಜುಬೈದಾ ಕೊಟ್ಟ ಫೈಲು ಎತ್ತಿಕೊಂಡರು. ಆಡಿಟ್ಟಿನವರು ಫೈಲನ್ನು ತಳದಿಂದ ಓದುತ್ತಾರೆ. ತಳದ ಹಾಳೆಯ ನೆತ್ತಿಯಲ್ಲಿ ಅವರದೇ ಸಂಸ್ಥೆಯ ಮುದ್ರೆ. 'ಈ ಬಿಳಿ ವ್ಯಾಗನನ್ನು ಖುದ್ದಾಗಿ ಪರೀಕ್ಷಿಸಿದ್ದೇನೆ. ಎಂಜಿನ್ ಸತ್ತಿದೆ. ಗುಜರಿಗೆ ಯೋಗ್ಯ.' ಕೆಳಗೆ ನವಿಲು ಗರಿಬಿಚ್ಚಿದಂತೆ ಅಚ್ಯುತರ ಸಹಿ. ಮೂರು ವರ್ಷದ ಹಿಂದೆ, ಕುರ್ಚಿಯಿಂದ ಏಳದೆ, ಊಟದ ಹೊತ್ತಿನಲ್ಲಿ ಹಾಕಿದ್ದು.

"ಸತ್ತಿದೆ ಅಂತ ಬರೆದು ಹರಾಜು ಹಾಕ್ಸಿ, ಬಣ್ಣ ಬದಲಾದ್ಮೇಲೆ ನೀವೇ ಕೊಂಡ್ಕೊಂಡ್ರೆ ಏನಂತಾರ್ರೀ ಅದಕ್ಕೆ?"

"ಗಾಡಿ ಕೆಟ್ಟದ್ದೇ ಮಾರಾಯ್ರೆ! ದಾರಿಯುದ್ದ ಕೆಮ್ಮಿಕೊಂಡು ಬಂತು!"

"ಎಂತ, ಕೆಟ್ಟದ್ದಾ?" ಬಾಗಿಲಲ್ಲಿ ನಿರ್ಮಲ, ಕೈಯಲ್ಲಿ ಆರತಿ.

"ಅಲ್ಲ ಮಾರಾಯ್ತಿ, ಬಂಗಾರ!"

ಶ್ರೀಕಂಠ ಪೆನ್ನು ತೆಗೆದರು. "ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನೀವು ಬರೆದದ್ದು ನಿಜ, ಬಚಾವ್. ಸ್ಟಾರ್ಟ್ ಆದ್ರೆ ಬರೆದದ್ದು ಸುಳ್ಳು. ಈಗ್ಲೇ ಬೇಡ, ಎಂಜಿನ್ ತಣ್ಣಗಾಗ್ಲಿ."

ಶ್ರೀಕಂಠ ಕುರ್ಚಿ ತರಿಸಿ, ಜ್ವರದ ಮಗುವಿನ ಹಣೆ ಮುಟ್ಟುವಂತೆ ಬಾನೆಟ್ಟಿನ ಮೇಲೆ ಕೈಯಿಟ್ಟು ಎರಡೂವರೆ ತಾಸು ಕೂತರು. ನಲವತ್ತೆಂಟು ಮನೆಗಳ ಗಂಡಸರು ತೋಳೇರಿಸಿ ಸುತ್ತ ನಿಂತರು. ಸ್ಟಾರ್ಟ್ ಆದರೆ ನೌಕರಿ ಹೋಗುತ್ತದೆ, ಆಗದಿದ್ದರೆ ಹೆಂಡತಿ ಹೋಗುತ್ತಾಳೆ. ಅಚ್ಯುತರು ಅನಂತಪದ್ಮನಾಭನಿಗೆ ಎರಡು ಹರಕೆ ಹೊತ್ತರು, ಒಂದಕ್ಕೊಂದು ವಿರುದ್ಧ. ಕೀಲಿ ಮುಟ್ಟಿದರು.

ಅರ್ಧ ತಿರುವಿಗೇ ಎದ್ದಿತು. ಒಂದು ಎಳೆ ಹೊಗೆಯಿಲ್ಲ.

ನಿರ್ಮಲರ ಕಣ್ಣು ತುಂಬಿ ಬಂತು. ಶ್ರೀಕಂಠ ಬರೆದುಕೊಂಡರು: 'ಅತ್ಯುತ್ತಮ ಸ್ಥಿತಿ.'

ಶುಕ್ರವಾರದ ಹೊತ್ತಿಗೆ ವ್ಯಾಗನ್ ಸಾಕ್ಷಿಯಾಗಿ ಸಂಸ್ಥೆಯ ಷೆಡ್ಡಿನಲ್ಲಿತ್ತು, ಬಾಗಿಲಿಗೆ ಅರಗಿನ ಮುದ್ರೆ. ಅಚ್ಯುತರು ಸಸ್ಪೆಂಡ್ ಆಗಿ ಮನೆಯಲ್ಲಿದ್ದರು. ತಂಪಾನೂರು ಸ್ಟೇಷನ್ನಿಗೆ ಸ್ಕೂಟರಿನಲ್ಲೇ ಹೋದರು. ವಾಪಸು ಬರುವಾಗ ಕ್ವಾರ್ಟರ್ಸಿನವರಾರೂ ಜೊತೆಗಿರಲಿಲ್ಲವಾದ್ದರಿಂದ, ಅದನ್ನು ಅಷ್ಟು ದೂರವೂ ಮಾವನವರೇ ತಳ್ಳಿದರು. ಗೇಟಿನಲ್ಲಿ ನಿರ್ಮಲ ಪೆಟ್ಟಿಗೆ ಕಟ್ಟಿಕೊಂಡು ನಿಂತಿದ್ದರು.