ಸಾಹುಕಾರರ ಕಂಪ್ಯೂಟರಿಗೆ ತಿಮರೆ ಚಟ್ನಿ

ಕಂಪ್ಯೂಟರ್ ಇರುವ ಕಡೆ ತಮಾಷೆಗೆ ಬರಗಾಲವಿಲ್ಲ. ಎಂಬತ್ತರ ದಶಕದಲ್ಲಿ ಬಂದರಿನ ನಮ್ಮ ದಿನಸಿ ಸಗಟು ಅಂಗಡಿಯಲ್ಲಂತೂ ದಿನಕ್ಕೊಂದು ಗ್ಯಾರಂಟಿ.

ಹೊಟ್ಟೆ ತುಂಬಿತು

ಆ ಕಂಪ್ಯೂಟರನ್ನು ಉಡುಗೊರೆ ಕೊಟ್ಟದ್ದು ದುಬೈಯಲ್ಲಿದ್ದ ಸಾಹುಕಾರರ ಭಾವ. ನಡೆಸುವವನು ನಾನು. ಮೆಮೊರಿ ಬರೀ ಅರವತ್ತನಾಲ್ಕು ಕೆಬಿ. ಅಕ್ಕಿ, ಬೇಳೆಯ ಸ್ಟಾಕ್ ತುಂಬಿಸಿ ಮೆಣಸಿಗೆ ಬರುವಷ್ಟರಲ್ಲಿ "ಮೆಮೊರಿ ಫುಲ್" ಎಂದು ನಿಂತಿತು.

"ಎಂತ ಮಾರಾಯ, ಒಂದು ಗೋದಾಮು ಸಹ ಹಿಡಿಯುವುದಿಲ್ಲವಾ?" ಎಂದರು ಸಾಹುಕಾರರು. "ಭಾವ ಹಬ್ಬಕ್ಕೆ ಬರ್ತಾರೆ. ಅವರ ಎದುರು ಸ್ಟಾಕ್ ಬಾರದಿದ್ದರೆ ಅದು ದುಬೈಗೆ, ನೀನು ಮನೆಗೆ."

ನನಗೆ ಮದುವೆ ಗೊತ್ತಾಗಿತ್ತು. ಹುಡುಗಿಯ ಕಡೆಯವರು ಒಪ್ಪಿದ್ದೇ 'ಕಂಪ್ಯೂಟರ್ ಕೆಲಸ' ಎಂದು. ಹಾಗಾಗಿ ಮನೆಗೆ ಹೋಗುವಂತೆಯೂ ಇರಲಿಲ್ಲ.

ಸಲಾಂ

ಮೆಷಿನ್ ಶುರುವಾಗುವಾಗ ಒಂದು ಹಡಗಿನ ಚಿತ್ರ, ಅದರಡಿ ಸಾಹುಕಾರರಿಗೆ ಸಲಾಂ ಬರುವಂತೆ ನಾನೇ ಮಾಡಿದ್ದೆ. ಜಾಗ ಉಳಿಸಲು ಅದನ್ನು ಕಿತ್ತೆ. ಮೆಣಸು ಸಲೀಸಾಗಿ ಒಳಗೆ ಹೋಯಿತು.

ಮರುದಿನ ಸಾಹುಕಾರರ ಮುಖ ಊದಿತ್ತು. "ಇವತ್ತು ಇದಕ್ಕೆ ನನ್ನ ಗುರ್ತವೇ ಇಲ್ಲವಾ?"

"ಸಲಾಂ ಇಟ್ಟರೆ ಮೆಣಸಿಗೆ ಜಾಗ ಇಲ್ಲ."

"ಮೆಣಸು ಹೊರಗಿರಲಿ. ಸಲಾಂ ಹಾಕು."

ಮದ್ದು

ಕರೆಂಟ್ ಹೋದರೆ ಮೆಷಿನ್ ಎಲ್ಲವನ್ನೂ ಮರೆಯುತ್ತಿತ್ತು. ಕ್ಯಾಸೆಟ್ಟಿಗೆ ಉಳಿಸಿದ್ದು ಬಂದರಿನ ತೇವಕ್ಕೆ ಕೆಡುತ್ತಿತ್ತು. ಪುನಃ ಪುನಃ ಟೈಪ್ ಮಾಡಿ ನನ್ನ ಬೆರಳು ಸವೆಯಿತು.

ಸಾಹುಕಾರರ ತಾಯಿ, ನಮಗೆಲ್ಲ ಉಮ್ಮ, ಇದನ್ನು ಕೇಳಿ ಮರುಗಿದರು. ಮರೆವಿಗೆ ನಮ್ಮಲ್ಲಿ ತಿಮರೆ, ಅಂದರೆ ಒಂದೆಲಗದ ಸೊಪ್ಪು, ಬಿಟ್ಟು ಬೇರೆ ಮದ್ದುಂಟೇ? "ಮೆಷಿನಿಗೆ" ಎಂಬ ಕಟ್ಟಪ್ಪಣೆಯೊಂದಿಗೆ ದಿನಾ ಒಂದು ಡಬ್ಬಿ ತಿಮರೆ ಚಟ್ನಿ ಬರತೊಡಗಿತು. ನಾನು ಗಂಜಿಗೆ ನೆಂಚಿಕೊಂಡು ಡಬ್ಬಿ ತೊಳೆದು ಕಳಿಸುತ್ತಿದ್ದೆ.

"ಪೂರ ತಿಂದಿತಾ?" ಎಂದು ಉಮ್ಮ ವಿಚಾರಿಸಿದರು.

"ತಿಂದಿತು ಉಮ್ಮ. ಖಾರ ಸ್ವಲ್ಪ ಕಮ್ಮಿ ಮಾಡಬೇಕಂತೆ."

ಭಾವ ಬಂದರು

ಹಬ್ಬಕ್ಕೆ ಭಾವ ಬಂದರು. ಉಮ್ಮನೂ ಬಂದು ಕೂತರು. ಹಡಗು ಬಂತು, ಸಾಹುಕಾರರಿಗೆ ಸಲಾಂ ಬಂತು.

"ಕೊಟ್ಟವನು ನಾನು. ನನಗೆ ಸಲಾಂ ಇಲ್ಲವಾ?" ಎಂದರು ಭಾವ.

ಬೇಳೆ ತೆಗೆದು ಭಾವನಿಗೆ ಸಲಾಂ ಹಾಕಿದೆ. ಉಮ್ಮನನ್ನು ಬಿಡಲಾಗುತ್ತದೆಯೇ? ಅಕ್ಕಿಯೂ ಹೋಯಿತು. ಒಳಗೆ ಉಳಿದದ್ದು ಬರೀ ಸಲಾಂ.

"ಇನ್ನು ಸ್ಟಾಕ್ ತೋರಿಸು," ಎಂದರು ಭಾವ.

ನನ್ನ ಜೀವ ಬಾಯಿಗೆ ಬಂತು. ಜೊತೆಗೆ ಸ್ಟಾಕೂ ಬಂತು! ಅಷ್ಟು ಸಲ ಟೈಪ್ ಮಾಡಿದ್ದೆನಲ್ಲ, ಕಣ್ಣು ಮುಚ್ಚಿ ಅಕ್ಕಿ, ಬೇಳೆ, ಮೆಣಸು ಎಲ್ಲವನ್ನೂ ಮೂಟೆಯ ಲೆಕ್ಕ ಸಮೇತ ಒಂದೇ ಉಸಿರಿಗೆ ಒಪ್ಪಿಸಿದೆ.

ಭಾವ ಬೆರಗಾದರು. ಸಾಹುಕಾರರು ಹಿಗ್ಗಿ, "ಮೆಷಿನ್ ಬೇಕಾದರೆ ಕೊಂಡುಹೋಗಿ ಭಾವ. ಇವ ಇಲ್ಲೇ ಇರಲಿ," ಎಂದರು. ಬದುಕಿದೆ ಎಂದುಕೊಂಡೆ.

ಉಮ್ಮ ಮಾತ್ರ ನನ್ನನ್ನು ದುರುಗುಟ್ಟಿ ನೋಡಿ, ಕಂಪ್ಯೂಟರಿನ ತಲೆ ಸವರಿದರು.

"ಪಾಪ, ಇದಕ್ಕೆ ನೆನಪು ಬರುವುದಾದರೂ ಹೇಗೆ? ತಿಮರೆ ಪೂರ ಇವ ತಿಂದಿದ್ದಾನೆ!"