ತಂತಿಗೆ ಚುಚ್ಚಿದ ದೊಡ್ಡಸ್ತಿಕೆ

ಚೆಂಬೂರಿನ ಚಾಳಿನಲ್ಲಿ, ಸಾಲು ಖೋಲಿಗಳಿಗೆಲ್ಲ ಒಂದೇ ಆದ ನಳದ ಮುಂದೆ ಅಣವೀರಪ್ಪ ಬಕೆಟ್ಟು ತುಂಬಿಸುತ್ತಿದ್ದಾಗ ಪೋಸ್ಟಮನ್ ಬಂದ. ನೀರು ಹರಿದು ಹೋಗುವುದನ್ನೂ ಮರೆತು, ಒದ್ದೆ ಕೈಯನ್ನು ಪಟ್ಟಾಪಟ್ಟಿ ಚಡ್ಡಿಗೆ ಒರೆಸಿಕೊಂಡು, ಅಣವೀರಪ್ಪ ಲಕೋಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ಮತ್ತ ಇನ್‌ಕಮ್ ಟ್ಯಾಕ್ಸಿನವರು. ಬಿಡವಲ್ರು ನೋಡ್ರಿ,” ಎಂದ, ಬೀಗರು ಊಟಕ್ಕೆ ಕರೆದು ಕರೆದು ಪೀಡಿಸುತ್ತಿದ್ದಾರೆಂಬ ಧಾಟಿಯಲ್ಲಿ.

ಸಂಗತಿ ಇಷ್ಟೆ. ಬಣ್ಣದ ಕಾರಖಾನೆಯ ಈ ಗುಮಾಸ್ತನಿಗೆ ಒಂದು ವರ್ಷ, ಹಳೆಯ ಬಾಕಿ ಪಗಾರವೆಲ್ಲ ಒಟ್ಟಿಗೆ ಬಂದು, ಆದಾಯ ತೆರಿಗೆಯ ಗೆರೆಯನ್ನು ಹೆಬ್ಬೆರಳಷ್ಟು ದಾಟಿತ್ತು. ಮರುವರ್ಷ ಮತ್ತೆ ಗೆರೆಯ ಕೆಳಗೇ ಬಿತ್ತು. ‘ಲೆಕ್ಕಪತ್ರ ಯಾಕೆ ಕೊಟ್ಟಿಲ್ಲ’ ಎಂದು ಆಫೀಸಿನಿಂದ ಜ್ಞಾಪನೆಗಳು ಬರತೊಡಗಿದವು. ‘ನನಗೆ ಅಷ್ಟು ಆದಾಯವಿಲ್ಲ’ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆ ಸಾಲು ಬರೆಯಲು ಮಾತ್ರ ಅವನ ಪೆನ್ನಿಗೆ ಲಕ್ವ ಹೊಡೆದಿತ್ತು. ಬಾಡಿಗೆ ಚೀಟಿ ಬಿಟ್ಟರೆ ಬೇರೆ ಕಾಗದ ಕಾಣದ ಚಾಳಿನಲ್ಲಿ, ಸರಕಾರವೇ ಬೆನ್ನು ಹತ್ತಿದ ಮನುಷ್ಯ ಅವನೊಬ್ಬನೇ. ಬಂದ ಜ್ಞಾಪನೆಯನ್ನೆಲ್ಲ ಬಾಗಿಲ ಪಕ್ಕದ ತಂತಿಗೆ ಚುಚ್ಚಿ, ಅಕ್ಷರ ಹೊರಗೆ ಕಾಣುವಂತೆ ತಿರುಗಿಸಿ ಇಡುತ್ತಿದ್ದ.

“ಇವತ್ತರ ಅದನ್ನ ತಗದಿಡ್ರಿ. ಸುಂದ್ರಾನ್ನ ನೋಡಾಕ ಬರ್ತಾರ. ಹುಡುಗಿ ಮನಸಿನಾಗೂ ಆ ಹುಡುಗನ ಅದಾನ,” ಎಂದಳು ಹೆಂಡತಿ ಚನ್ನವ್ವ.

“ಹುಚ್ಚಿ, ಅದನ್ನ ನೋಡೇ ಹೂಂ ಅಂತಾರ.”

ಮಧ್ಯಾಹ್ನ ಘಾಟ್ಕೋಪರಿನಿಂದ ಹುಡುಗನ ತಂದೆ ಬಸವಂತರಾಯರು ಬಂದರು. ಅವರದು ಎಲ್ಲೋ ಸರಕಾರಿ ನೌಕರಿ ಎಂಬುದಷ್ಟೇ ಅಣವೀರಪ್ಪನಿಗೆ ಗೊತ್ತು. ಅವರ ಬೆನ್ನಿಗೇ, ಬೆಲ್ಲಕ್ಕೆ ಇರುವೆ ಬಂದಂತೆ, ಚಾಳೂ ಒಳಗೆ ಬಂತು.

“ಸಾಹೇಬರ, ಇವರಿಗೆ ಪತ್ರಾ ಬರದು ಬರದು ಸರಕಾರಕ್ಕ ಸಾಕಾಗೇತ್ರಿ,” ಎಂದು ಮಗ್ಗುಲ ಖೋಲಿಯ ಪರಪ್ಪ ಸುರು ಮಾಡಿದ.

“ಇವರು ಉತ್ತರಾನ ಕೊಡೂದಿಲ್ರಿ. ಕಾಂದಿವಲಿ ಕಡೆ ಜಾಗಾ ಬ್ಯಾರೆ ಐತಂತ,” ಎಂದಳು ಎದುರು ಖೋಲಿಯ ನೀಲಾಬಾಯಿ, ತನ್ನ ಮನೆಯಿಂದ ಕಡ ಬಂದ ಕಪ್ಪುಗಳ ಮೇಲೆ ಒಂದು ಕಣ್ಣಿಟ್ಟು.

ಜಾಗದ ಸುದ್ದಿ ಅಣವೀರಪ್ಪನಿಗೂ ಹೊಸದು. ಆದರೆ ಪುಕ್ಕಟೆ ಬಂದ ಜಾಗವನ್ನು ಯಾರು ಒಲ್ಲೆನ್ನುತ್ತಾರೆ? ಮೀಸೆಯಡಿ ನಕ್ಕ.

ಬಸವಂತರಾಯರು ಕಪ್ಪು ಕೆಳಗಿಟ್ಟು ತಂತಿಯ ಬಳಿ ಹೋದರು. ಒಂದೊಂದೇ ಕಾಗದ ತಿರುವಿದರು.

“ಅಕ್ಷರ ಹೆಂಗ ಅದಾವ್ರಿ?”

“ಮುತ್ತಿನಂಥಾವು ಬಿಡ್ರಿ,” ಎಂದ ಅಣವೀರಪ್ಪ.

“ನನ್ನವು. ಈ ಕಾಗದ ತುಂಬೂ ಟೇಬಲ್ ನಂದ. ನಿಮ್ಮ ಹೆಸರು ಬರದು ಬರದು ಬೆರಳಿಗೆ ಜಡ್ಡು ಬಿದ್ದೇತಿ. ವಿಳಾಸ ಬರಿಯೂ ಟೇಬಲ್ ಬ್ಯಾರೆ, ಅದಕ್ಕ ಆ ಅಣವೀರಪ್ಪ ಬ್ಯಾರೆ ಇರಬೇಕು ಅಂದ್ಕೊಂಡಿದ್ದೆ.”

ಚಾಳು ಇನ್ನೊಂದು ಹೆಜ್ಜೆ ಒಳಗೆ ಬಂತು.

“ಈಗ ಹೇಳ್ರಿ. ಗಳಿಕಿ ಮುಚ್ಚಿಟ್ಟೀರೋ, ಗಳಿಕಿನ ಇಲ್ಲೋ? ಮುಚ್ಚಿಟ್ಟವರ ಕೂಡ ಬೀಗತನ ಮಾಡಿದ್ರ ನನ್ನ ನೌಕರಿ ಹೋಗತೈತಿ.”

ಅಣವೀರಪ್ಪ ಪರಪ್ಪನನ್ನು ನೋಡಿದ, ನೀಲಾಬಾಯಿಯನ್ನು ನೋಡಿದ, ಪರದೆಯ ಸಂದಿಯಲ್ಲಿ ಮಗಳ ಕಣ್ಣನ್ನೂ ನೋಡಿದ. “ಇಲ್ಲರಿ,” ಎಂದ. “ಏನೂ ಇಲ್ಲ.”

“ಕಪ್ಪೂ ನನ್ನವ ಅದಾವ್ರಿ,” ನೀಲಾಬಾಯಿ ಕೂಡಲೇ ಸಾಕ್ಷಿ ನುಡಿದಳು.

“ಹಂಗಾರ ಬರದು ಕೊಡ್ರಿ.”

ಕಾಗದ ತರಲು ಚನ್ನವ್ವನಿಗೆ ಎರಡು ಸಲ ಹೇಳಬೇಕಾಗಲಿಲ್ಲ. ಅವನು ಬರೆದುಕೊಟ್ಟದ್ದನ್ನು ಬಸವಂತರಾಯರು ಕೊನೆಯ ಖೋಲಿಯವರಿಗೂ ಕೇಳುವಂತೆ ಓದಿದರು. ಪರಪ್ಪ ‘ಪಾಪ’ ಎಂದ. ಬೈದಿದ್ದರೆ ಅಣವೀರಪ್ಪ ತಡೆದುಕೊಳ್ಳುತ್ತಿದ್ದ.

“ಪೋಸ್ಟಿನ ಖರ್ಚು ಯಾಕ, ನಾನ ಒಯ್ತೀನಿ,” ಎಂದು ರಾಯರು ಪತ್ರವನ್ನು ಮಡಿಚಿ ಜೇಬಿಗಿಟ್ಟು ಚಪ್ಪಲಿ ಮೆಟ್ಟಿದರು.

ಮಾನ ಹೋದರೂ ಮದುವೆ ಉಳಿಯಿತೆಂದು ಅಣವೀರಪ್ಪ ಬೆನ್ನು ಹತ್ತಿ ಓಡಿದ. “ಸಾಹೇಬರ, ನಮ್ಮ ಸುಂದ್ರಾನ ವಿಷಯ?”

“ಪತ್ರಾ ಬರೀತೀವ್ರಿ. ನಿಮ್ಮ ಉತ್ತರ ಬರಾಕ ಎಷ್ಟು ದಿನಾ ಹಿಡೀತೋ, ನಮ್ಮದಕ್ಕೂ ಅಷ್ಟ ಹಿಡೀತೈತಿ.” ರಾಯರು ಜೇಬು ತಟ್ಟಿಕೊಂಡು ಸ್ಟೇಶನ್ನಿನ ಕಡೆ ತಿರುಗಿದರು. “ನಡುನಡುವ ನೀವು ನೆನಪಿನ ಕಾಗದ ಹಾಕ್ಕೋತ ಇರ್ರಿ. ನಮ್ಮ ಮನ್ಯಾಗೂ ಒಂದು ತಂತಿ ಐತಿ.”