ಡಿಸೈನ್ ಮೇಡಂಗೆಂದು ಬೇಯಿಸಿದ ಕಡಲೆಕಾಳಿನ ಬಾರ್‌ಗಳು

ನಮ್ಮ ಮನೆಯ ಪಾತ್ರೆಯೊಂದರಲ್ಲಿ ಕಡಲೆಕಾಳು ನೆನೆಯುತ್ತಿದೆ ಅಂದರೆ ಆ ವಾರ ನನಗೆ ಏನಾದರೊಂದು ಫಜೀತಿ ಕಾದಿದೆ ಅಂತಲೇ ಅರ್ಥ. ಪೀಣ್ಯದ ಒಂದು ಗೇರ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ನನ್ನ ಕೆಲಸ. ಬೇರೆಯವರು ಮಾಡಿದ್ದನ್ನು ಅಳೆದು ನೋಡಿ, ಸರಿಯಿಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು. ಇಂಥವನು ಕಾಳು ರುಬ್ಬಿ, ಖರ್ಜೂರ ಕಲಸಿ, ಹಾಲು ತುಪ್ಪ ಸಕ್ಕರೆ ಯಾವುದೂ ಇಲ್ಲದ ಸಿಹಿ ಬಾರ್ ಬೇಯಿಸಲು ಯಾಕೆ ಹೊರಟ ಅಂತ ಕೇಳಿದವರಿಗೆಲ್ಲ ‘ಆರೋಗ್ಯಕ್ಕೆ’ ಅಂತ ಹೇಳುತ್ತಾ ಬಂದಿದ್ದೇನೆ. ಸುಳ್ಳು. ನನ್ನ ಆರೋಗ್ಯ ಚೆನ್ನಾಗಿಯೇ ಇತ್ತು.

೧. ಆಯುಧಪೂಜೆಯ ಕೇಸರಿಬಾತು

ನಮ್ಮ ಡ್ರಾಯಿಂಗ್ ಸೆಕ್ಷನ್ನಿಗೆ ಹುಬ್ಬಳ್ಳಿ ಕಡೆಯವರೊಬ್ಬರು ಬಂದು ಸೇರಿದ್ದರು. ಎಲ್ಲರೂ ಡಿಸೈನ್ ಮೇಡಂ ಅಂತ ಕರೆಯುತ್ತಿದ್ದೆವು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ದಿನಾ ಬೆಳಿಗ್ಗೆ ಓಡುತ್ತಿದ್ದರಂತೆ. ಬಸ್ಸು ಹಿಡಿಯಲು ಅಲ್ಲ, ಸುಮ್ಮನೆ ಓಡುವುದು. ಹಾಲು, ಮೊಸರು, ತುಪ್ಪ ಮುಟ್ಟುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಮಜ್ಜಿಗೆ ಬಂದರೆ ಲೋಟದ ಮೇಲೆ ಕೈ ಮುಚ್ಚುತ್ತಿದ್ದರು.

ಆ ವರ್ಷದ ಆಯುಧಪೂಜೆ ಊಟಕ್ಕೆ ನಾನು ಅವರ ಎದುರಿನ ಸಾಲಿನಲ್ಲಿ ಕೂತಿದ್ದೆ. ಕೇಸರಿಬಾತಿನ ಬಕೆಟ್ ಬಂತು. ಅವರು ಒಂದು ಸಲ ಅದನ್ನು ನೋಡಿ, ಬಡಿಸುತ್ತಿದ್ದ ಕ್ಯಾಂಟೀನ್ ಕಂಟ್ರಾಕ್ಟರನ್ನು ಆಸೆಯಿಂದ ಕೇಳಿದರು: “ಅಣ್ಣಾ, ಇದಕ್ಕೆ ತುಪ್ಪ ಹಾಕೀರೇನು?”

ಕಂಟ್ರಾಕ್ಟರನಿಗೆ ಅವಮಾನವಾಯಿತು. “ಏನ್ ಮೇಡಂ ಹಿಂಗಂದ್ಬಿಟ್ರಿ! ಹಬ್ಬದ ದಿನ! ಹಸುವಿನ ತುಪ್ಪ ಸುರ್ದಿದೀನಿ ಮೇಡಂ. ರವೆ ಬೇಯ್ಸಿರೋದೇ ಹಾಲಲ್ಲಿ!”

ಮೇಡಂ ಬೇಡವೆಂದು ತಲೆಯಾಡಿಸಿದರು. ಬಕೆಟ್ ಮುಂದಿನ ಎಲೆಗೆ ಹೋಯಿತು, ಅದರ ಮುಂದಿನ ಎಲೆಗೆ ಹೋಯಿತು. ಅವರ ಕಣ್ಣು ಸಾಲಿನ ಕೊನೆಯವರೆಗೂ ಅದರ ಹಿಂದೆಯೇ ಹೋಯಿತು. ಆಮೇಲೆ ಎಲೆಯ ತುದಿಯ ಉಪ್ಪನ್ನು ಬೆರಳಲ್ಲಿ ಮುಟ್ಟುತ್ತಾ ಕೂತರು. ನನ್ನ ಪಾಲಿನ ಕೇಸರಿಬಾತನ್ನು ಎಲೆಯೊಳಗೇ ಮಡಿಸಿ ಎದ್ದೆ.

ಕೈ ತೊಳೆಯುವಾಗ ಕಂಟ್ರಾಕ್ಟರ್ ಸಿಕ್ಕಿದ. “ಏನಪ್ಪಾ, ಈ ಸಲ ತುಪ್ಪ ಜೋರಾ?” ಅಂದೆ.

ಅವನು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. “ನಿಮ್ಮತ್ರ ಯಾಕ್ ಸಾರ್ ಸುಳ್ಳು. ವನಸ್ಪತಿ, ನೀರು, ಬಣ್ಣ. ಹಾಲಿನ ಪಾಕೆಟ್ ಅದರ ಹತ್ರಾನೂ ಸುಳ್ದಿಲ್ಲ.”

ಅವತ್ತು ಇಡೀ ಪೀಣ್ಯದಲ್ಲಿ ಮೇಡಂ ನಿಶ್ಚಿಂತೆಯಿಂದ ತಿನ್ನಬಹುದಾಗಿದ್ದ ಸಿಹಿ ಬಹುಶಃ ಅದೊಂದೇ. ಅದಕ್ಕೂ ಪುಣ್ಯಾತ್ಮ ಬಾಯಲ್ಲೇ ತುಪ್ಪ ಸುರಿದು ಕೆಡಿಸಿದ್ದ.

೨. ಯಾವ ಜನ?

ಮರುದಿನವೇ ಒಂದು ಸಣ್ಣ ಓವನ್ ಕೊಂಡು ತಂದೆ. ಕಂಪ್ಯೂಟರಿನಲ್ಲಿ ಹುಡುಕಿ ಓದಿ, ಕಾಬೂಲಿ ಕಡಲೆ ನೆನೆಸಿ, ಬೇಯಿಸಿ, ಸಿಪ್ಪೆ ಬಿಡಿಸಿ, ಖರ್ಜೂರ, ಕಡ್ಲೆಕಾಯಿ ಬೀಜ, ಅಗಸೆ ಬೀಜದ ಪುಡಿ ಎಲ್ಲ ಸೇರಿಸಿ ರುಬ್ಬಿದೆ. ಓಡುವವರಿಗೆ ಪ್ರೋಟೀನ್ ಬೇಕು ಅಂತ ಓದಿದ್ದರಿಂದ ಒಂದು ಹಿಡಿ ಹುರಿಗಡಲೆ ಪುಡಿಯನ್ನೂ ಜಾಸ್ತಿ ಹಾಕಿದೆ. ತಟ್ಟೆಗೆ ಒತ್ತಿ ಓವನ್ನಿಗಿಟ್ಟೆ. ಹೊರಗೆ ಬಂದಿದ್ದನ್ನು ಬಾರ್‌ಗಳಾಗಿ ಕತ್ತರಿಸಲು ಚಾಕು ಸಾಲದೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬೇಕಾಯಿತು. ಆದರೆ ಅಳತೆ ಮಾತ್ರ ಕರಾರುವಾಕ್ಕು. ವರ್ನಿಯರ್ ಹಿಡಿದು ನೋಡಿದ್ದೆ.

ನಾವು ನಾಗಸಂದ್ರದ ಹಳಬರು. ಕಾರ್ಖಾನೆಗಳು ಬರುವ ಮುಂಚಿನಿಂದ ಅಲ್ಲೇ ಇರುವವರು. ಮದುವೆಯಾಗದ ಮೂವತ್ತಾರು ವರ್ಷದ ಮಗ ಅಡಿಗೆಮನೆಯಲ್ಲಿ ಕಾಳಿನ ಸಿಪ್ಪೆ ಬಿಡಿಸುವುದನ್ನು ಅಮ್ಮ ಬಾಗಿಲಿಗೆ ಒರಗಿ ಎರಡು ದಿನ ಸುಮ್ಮನೆ ನೋಡಿದಳು. ಮೂರನೇ ದಿನ ಕೇಳಿದಳು.

“ಯಾರಿಗ್ಲಾ ಇದು?”

“ಆಫೀಸ್ನಲ್ಲಿ ಒಬ್ರಿಗೆ. ಅವರು ವೀಗನ್ನು ಕಣಮ್ಮ.”

ಅಮ್ಮನ ಮುಖ ಅರಳಿತು. ಹತ್ತಿರ ಬಂದು ಕೂತಳು. “ವೀಗನ್ನು ಅಂದ್ರೆ ಯಾವ ಜನ? ನಮ್ಮೋರೊಳ್ಗೆ ಬತ್ತಾರಾ?”

“ಜನ ಅಲ್ಲಮ್ಮ. ಹಾಲು, ಮೊಸರು, ಬೆಣ್ಣೆ, ತುಪ್ಪ ಏನೂ ತಿನ್ನದೇ ಇರೋರಿಗೆ ಅಂಗಂತಾರೆ.”

ಅಮ್ಮ ತಾನೂ ಒಂದು ಕಾಳು ಎತ್ತಿ ಸಿಪ್ಪೆ ಬಿಡಿಸಿದಳು. “ಅಯ್ಯೋ, ಅಷ್ಟೇನಾ? ಒಲ ಓಗಿ ಶೆಡ್ಡು ಬಂದು, ನಿಮ್ಮಪ್ಪ ಅಸು ಮಾರ್ದ ಮ್ಯಾಕೆ ನಾವೂ ಎಷ್ಟೋ ವರ್ಸ ವೀಗನ್ನೇ ಆಗಿದ್ವಿ ಕಣ್ಲಾ. ಯಾರೂ ಯೋಳ್ಲಿಲ್ಲ ಅಷ್ಟೇಯ.”

೩. ಗಾಳಿಯ ಸಂಚಾರ

ಹಲ್ಲಿಗೆ ಅಪಾಯವಿಲ್ಲದಂಥ ಬಾರ್ ಆಗಲು ಒಂದು ತಿಂಗಳು ಹಿಡಿಯಿತು. ಪ್ರೋಟೀನ್ ಇನ್ನೂ ಹೆಚ್ಚಲಿ ಅಂತ ಕಡಲೆಯ ಜೊತೆ ಸೋಯಾ ಮತ್ತು ಅಲಸಂದೆ ಸೇರಿಸಿದೆ. ಅವತ್ತು ಆತುರದಲ್ಲಿದ್ದೆ, ಕಾಳು ಸರಿಯಾಗಿ ನೆನೆದಿರಲಿಲ್ಲ. ಒಂದು ಡಬ್ಬಿಯ ತುಂಬ ಹಾಕಿಕೊಂಡು, ಇವತ್ತು ಮೇಡಂಗೆ ಕೊಟ್ಟೇಬಿಡುವುದು ಅಂತ ಕಾರ್ಖಾನೆಗೆ ಹೋದೆ.

ಅವತ್ತೇ ದೊಡ್ಡ ಗಿರಾಕಿಯ ಕಡೆಯಿಂದ ಇಬ್ಬರು ಆಡಿಟ್‌ಗೆ ಬಂದಿದ್ದರು. ನಮ್ಮ ಜನರಲ್ ಮ್ಯಾನೇಜರ್ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದರು.

“ಏನ್ರೀ ಅದು, ಸ್ವೀಟಾ? ಒಳ್ಳೇದಾಯ್ತು ಕೊಡಿ. ಗೆಸ್ಟ್‌ಗೆ ಬಿಸ್ಕತ್ ತರ್ಸೋದೇ ಮರ್ತಿದ್ವಿ.”

ಡಬ್ಬಿ ಹೋಯಿತು. ಹಾಲಿಲ್ಲ, ತುಪ್ಪವಿಲ್ಲ, ಬರೀ ಕಾಳು ಅಂತ ಗೊತ್ತಾದ ಮೇಲೆ ಆಡಿಟರ್‌ಗಳಿಗೆ ಭಾರೀ ಖುಷಿ. ‘ಹೆಲ್ದಿ, ಹೆಲ್ದಿ’ ಅನ್ನುತ್ತಾ ತಲಾ ನಾಲ್ಕು ತಿಂದರು. ಮರ್ಯಾದೆಗೆ ನಮ್ಮ ಮ್ಯಾನೇಜರೂ ಮೂರು ತಿಂದರು.

ಊಟವಾದ ಮೇಲೆ ಏಸಿ ರೂಮಿನಲ್ಲಿ ಕೊನೆಯ ಮೀಟಿಂಗು. ಡ್ರಾಯಿಂಗ್ ತೋರಿಸಲು ಡಿಸೈನ್ ಮೇಡಂ ಕೂಡ ಬಂದಿದ್ದರು, ತೆರೆಯದ ಕಿಟಕಿಯ ಪಕ್ಕ ಕೂತಿದ್ದರು. ಹತ್ತು ನಿಮಿಷ ಎಲ್ಲ ಸರಿಯಾಗಿತ್ತು. ಆಮೇಲೆ ಹಿರಿಯ ಆಡಿಟರರ ಕುರ್ಚಿ ‘ಕಿರ್’ ಅಂದಿತು. ಎಲ್ಲರೂ ಅದು ಕುರ್ಚಿಯೇ ಅಂತ ನಂಬಲು ಮನಸ್ಸು ಮಾಡಿದೆವು. ಎರಡನೇ ಸಲ ಅಂದದ್ದು ಕುರ್ಚಿಯಲ್ಲ ಅಂತ ವಾಸನೆ ಹೇಳಿತು. ಮ್ಯಾನೇಜರ್ ಮಾತಿನ ಸ್ಪೀಡು ಹೆಚ್ಚಿಸಿದರು. ಒಬ್ಬರು ಸೀಲಿಂಗ್ ನೋಡಿದರು, ಇನ್ನೊಬ್ಬ ಆಡಿಟರ್ ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದರು, ಬಗ್ಗಿದವರದ್ದೂ ಒಂದು ಸದ್ದಾಯಿತು. ಮೇಡಂ ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು, ಭುಜ ಮಾತ್ರ ಕುಲುಕುತ್ತಿತ್ತು. ಒಂದು ಸಲ ನನ್ನತ್ತ ತಿರುಗಿದರು, ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟು ಜನರ ನಡುವೆ ನಗು ತಡೆಯುತ್ತಿದ್ದವರು ನಾವಿಬ್ಬರೇ. ಅದು ನನ್ನ ನೌಕರಿಯ ಅತ್ಯಂತ ಒಳ್ಳೆಯ ಮೀಟಿಂಗು.

ಆಡಿಟ್ ವರದಿ ಬಂತು. ಮಷಿನ್ ಸರಿ, ಗೇಜ್ ಸರಿ, ದಾಖಲೆ ಸರಿ. ಲೋಪ ಒಂದೇ: ‘ಮೀಟಿಂಗ್ ರೂಮಿನಲ್ಲಿ ಗಾಳಿಯ ಸಂಚಾರ ಸಾಲದು.’ ಸರಿಪಡಿಸುವ ಕ್ರಮ ಬರೆದುಕೊಡುವ ಕೆಲಸ ನನ್ನ ತಲೆಗೇ ಬಂತು. ‘ಕಾಳುಗಳನ್ನು ಹನ್ನೆರಡು ಗಂಟೆ ನೆನೆಸತಕ್ಕದ್ದು’ ಅಂತ ಬರೆದೆ. ಒಂದು ಸಲ ಓದಿ ನೋಡಿದೆ. ಹೊಡೆದುಹಾಕಿ, ‘ಎಕ್ಸಾಸ್ಟ್ ಫ್ಯಾನ್ ಹಾಕಿಸತಕ್ಕದ್ದು’ ಅಂತ ಬರೆದೆ.

೪. ಸಪ್ಲೈಯರ್ ಸರಿಯಿಲ್ಲ

ಮುಂದಿನ ಸೋಮವಾರ ಚೆನ್ನಾಗಿ ನೆನೆದ ಕಾಳಿನ ಬಾರ್ ಒಂದನ್ನು ಕಾಗದದಲ್ಲಿ ಸುತ್ತಿಕೊಂಡು ಅವರ ಟೇಬಲ್ಲಿಗೇ ಹೋದೆ.

“ಮೇಡಂ, ಒಂದು ಸ್ಯಾಂಪಲ್ ಇತ್ತು. ಹಾಲು ತುಪ್ಪ ಏನೂ ಇಲ್ಲ.”

“ಆಡಿಟರ್‌ಗೆ ಕೊಟ್ಟಿದ್ರಲ್ಲಾ, ಅದೇ ಏನು ಸರ್ ಇದು?”

“ಅದಲ್ಲ ಮೇಡಂ. ಸುಧಾರಿಸಿದ್ದು.”

ಅವರು ನಕ್ಕು ಒಂದು ತುಂಡು ಕಚ್ಚಿದರು. ನಿಧಾನವಾಗಿ ಅಗಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದು ಹಾಳೆಯಲ್ಲಿ ಆ ಬಾರಿನ ಚಿತ್ರ ಬರೆದರು. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ. ಬಾಣ ಹಾಕಿ ಬರೆದರು: ‘ಅಂಚು ಗಟ್ಟಿ. ನಡುವೆ ಹಸಿ. ಸಿಹಿ ಸಾಲದು. ಇನ್ನೊಮ್ಮೆ ಮಾಡಿ ತರುವುದು.’ ಕೆಳಗೆ ಸಹಿ ಮಾಡಿ ಕೊಟ್ಟರು.

ಹನ್ನೆರಡು ವರ್ಷ ಜನರ ಮಾಲನ್ನು ರಿಜೆಕ್ಟ್ ಮಾಡಿದವನಿಗೆ ರಿಜೆಕ್ಟ್ ಆಗುವುದು ಇಷ್ಟು ಹಿತವಾಗಿರುತ್ತದೆ ಅಂತ ಗೊತ್ತಿರಲಿಲ್ಲ. ಪ್ರತಿ ಸೋಮವಾರ ಒಂದು ಬಾರ್, ಒಂದು ಹಾಳೆ, ಐದು ನಿಮಿಷ ಅವರ ಎದುರಿನ ಕುರ್ಚಿ. ಭಾನುವಾರವೆಂದರೆ ಹಿಂದಿನ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು ಕಾಳು ರುಬ್ಬುವುದು. ಹಾಳೆಗಳನ್ನೆಲ್ಲ ಬೀರುವಿನಲ್ಲಿ ಇಸ್ತ್ರಿ ಬಟ್ಟೆಯ ಅಡಿಯಲ್ಲಿಟ್ಟಿದ್ದೆ.

ಎಂಟನೇ ವಾರ ಬಾರ್ ಸರಿಯಾಗಿ ಬಂತು. ಅಮ್ಮ ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದಳು. ನನಗೆ ಭಯವಾಯಿತು. ನಾಳೆ ಅವರು ‘ಸರಿ’ ಅಂತ ಬರೆದುಬಿಟ್ಟರೆ? ಮತ್ತೆ ನಾನು ಆ ಟೇಬಲ್ಲಿಗೆ ಯಾವ ನೆಪದಲ್ಲಿ ಹೋಗಲಿ? ಇನ್ನೊಂದು ತಟ್ಟೆ ಕಲಸಿದೆ. ಮೂರು ಚಮಚ ಉಪ್ಪು ಹಾಕಿದೆ.

ಒಂಬತ್ತನೇ ವಾರ ಅರ್ಧ ಬೇಯಿಸಿದೆ. ಹತ್ತನೇ ವಾರ ಸೀಯಿಸಿದೆ. ಮೇಡಂ ಹಾಳೆ ಮುಂದಿಟ್ಟುಕೊಂಡು ಪೆನ್ಸಿಲ್ ಕೆಳಗಿಟ್ಟರು.

“ಸರ್, ಒಂದು ಕೇಳ್ತೀನಿ, ಬೇಜಾರಾಗ್ಬ್ಯಾಡ್ರಿ. ವಾರ ವಾರಕ್ಕೆ ಸುಧಾರಿಸ್ತಿತ್ತು. ಈಗ್ಯಾಕ ಹಿಂಗ ಹಿಂದಕ್ಕ ಹೊಂಟದ?”

“ಕಾಳಿಂದು ಪ್ರಾಬ್ಲಂ ಮೇಡಂ. ಸಪ್ಲೈಯರ್ ಸರಿಯಿಲ್ಲ.”

ಅವರು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. “ಸಪ್ಲೈಯರ್ ಜೋಡಿ ಕೂತು ಮಾತಾಡ್ರಿ ಸರ್. ಏನೋ ಮನಸ್ಸಿನ್ಯಾಗ ಇಟ್ಕೊಂಡಂಗ ಕಾಣ್ತದ.”

“ಮಾತಾಡ್ತೀನಿ ಮೇಡಂ” ಅಂದೆ. ಸಪ್ಲೈಯರ್ ಅವರ ಎದುರಿಗೇ ಕೂತು ಬೆವರುತ್ತಿದ್ದ.

೫. ದೊಡ್ಡ ಆರ್ಡರು

ಮಾತಾಡುವಷ್ಟರಲ್ಲಿ ಅವರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೊರಟರು. ಒಂದೇ ಊರು ಅಂತ ಹೇಳಿಕೊಳ್ಳಬಹುದು, ಆದರೆ ನಾಗಸಂದ್ರದವನಿಗೆ ಅದಕ್ಕಿಂತ ತುಮಕೂರು ಹತ್ತಿರ. ಅವರ ಟೇಬಲ್ಲಿಗೆ ಪ್ರಿಂಟರ್ ತಂದಿಟ್ಟರು. ಸೋಮವಾರ ನಾನು ಅದರ ಮುಂದೆ ಹಾದುಹೋಗುವಾಗ ಅದು ಸುಮ್ಮನೆ ‘ಕರ್ರ್’ ಅಂದು ಖಾಲಿ ಹಾಳೆ ಹೊರಹಾಕುತ್ತಿತ್ತು. ಫೋನಿನಲ್ಲಿ ‘ಹೇಗಿದೀರಾ ಮೇಡಂ’ ಅಂತ ಬರೆಯುವುದು, ಅಳಿಸುವುದು, ಇದು ಏಳು ತಿಂಗಳು ನಡೆಯಿತು. ಒಂದು ದಿನ ಧೈರ್ಯ ಮಾಡಿ ‘ಭಾನುವಾರ ಬಾರ್ ತಂದುಕೊಡಲಾ?’ ಅಂತ ಕಳಿಸಿದೆ. ‘ಖಂಡಿತ ಬನ್ನಿ ಸರ್. ಅವ್ವನೂ ಬಂದಾರ’ ಅಂತ ಉತ್ತರ, ಜೊತೆಗೆ ಮನೆಯ ವಿಳಾಸ.

ಅವ್ವನೂ ಬಂದಾರ! ಆ ಎರಡು ಪದವನ್ನು ನಾನು ಎಷ್ಟು ಸಲ ಓದಿದೆನೋ.

ಉಪ್ಪು ಹಾಕಲಿಲ್ಲ, ಸೀಯಿಸಲಿಲ್ಲ. ನನ್ನ ಕೈಯಲ್ಲಿ ಆಗಬಹುದಾದಷ್ಟು ಚೆನ್ನಾಗಿ ಮಾಡಿದೆ. ಅಮ್ಮ ಶರಟಿನ ಕಾಲರು ಸರಿಮಾಡಿ, “ಓಗ್ಬಾ. ಏನ್ ಯೋಳ್ಬೇಕೋ ನೆಟ್ಗೆ ಯೋಳು” ಅಂದಳು. ಮೆಟ್ರೋದಲ್ಲಿ ಹೇಳಬೇಕಾದ ಮಾತನ್ನು ಪೂರ್ತಿ ಜೋಡಿಸಿಕೊಂಡೆ: ‘ಮೇಡಂ, ನೀವು ಹೋದ ಮೇಲೆ ನನಗೆ ಏನೂ ರುಚಿಸ್ತಾ ಇಲ್ಲ. ನಿಮ್ಮನ್ನ ಮದುವೆ ಆಗೋ ಆಸೆ ಇದೆ.’ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಎರಡನೇ ವಾಕ್ಯ ಕೈಬಿಟ್ಟೆ. ಹೊಸೂರು ರಸ್ತೆಯ ಮೇಲ್ಸೇತುವೆ ಇಳಿಯುವ ಹೊತ್ತಿಗೆ ಉಳಿದದ್ದು ‘ಮೇಡಂ’ ಒಂದೇ.

ಅವರ ತಾಯಿ ಬಾಗಿಲು ತೆರೆದರು. ಹಣೆಯಲ್ಲಿ ವಿಭೂತಿ, ಇಳಕಲ್ ಸೀರೆ. “ಪೀಣ್ಯಾದವ್ರು ಹೌದಲ್ರೀ? ಬರ್ರಿ, ಬರ್ರಿ. ಮುಂಜಾನಿಂದ ನಿಮ್ಮ ದಾರೀನ ನೋಡಾಕತ್ತಿದ್ವಿ. ಇಕಿ ಬಾಯಾಗ ಯಾವಾಗೂ ನಿಮ್ದ ಮಾತು.”

ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟೆ. ಕೂತೆ. ಮೇಡಂ ಒಳಗಿನಿಂದ ಬಂದರು, ತಲೆಗೂದಲು ಇನ್ನೂ ಒದ್ದೆಯಿತ್ತು. “ಸರ್! ಎಷ್ಟು ದಿನ ಆತು!” ಅಂದು, ಡಬ್ಬಿ ತೆರೆದು, ನಿಂತಲ್ಲೇ ಒಂದು ಬಾರ್ ಕಚ್ಚಿದರು. ಕಣ್ಣು ಮುಚ್ಚಿಕೊಂಡರು. ತಿಂದು ಮುಗಿಸುವವರೆಗೂ ತೆರೆಯಲಿಲ್ಲ. ಆಮೇಲೆ ಎರಡನೆಯದು ತೆಗೆದುಕೊಂಡರು.

“ಸರ್, ಏನೂ ತಪ್ಪಿಲ್ಲ ಇದರಾಗ” ಅಂದರು. ದನಿ ಸ್ವಲ್ಪ ಒಡೆದಂತೆ ಕೇಳಿತು. ಈಗ ಹೇಳಬೇಕು ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ತಾಯಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. “ಅಗದೀ ಹೋಳಿಗಿ ಹೂರಣ ಇದ್ದಂಗ ಐತಲ್ರೀ! ಮುಂದಿನ ತಿಂಗಳ ಇಕಿ ನಿಶ್ಚಿತಾರ್ಥ. ಹುಡುಗನೂ ಹಾಲು ತುಪ್ಪ ಒಲ್ಲೆನ್ನಾವ, ಇಬ್ರೂ ಕೂಡೇ ಓಡ್ತಾರ. ನೂರಾ ಐವತ್ತು ಬೇಕಾಗ್ತಾವ. ಮಾಡಿ ಕೊಡ್ತೀರೇನ್ರೀ?”

ತೆರೆದ ಬಾಯಲ್ಲಿ ಆ ಒಂದು ಪದ ಕಾದು ಕೂತಿತ್ತಲ್ಲ, ಅದು ಹೊರಬಂತು. “ಮೇಡಂ,” ಅಂದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. “ಯಾವ ಸೈಜಿನಲ್ಲಿ ಬೇಕು?”

ಮಗಳು ಮೆಲ್ಲಗೆ ಕೇಳಿದರು: “ನಿಮಗ ತ್ರಾಸ ಆಗಂಗಿಲ್ಲೇನು, ಸರ್?”

“ಇಲ್ಲ ಮೇಡಂ. ಖುಷಿ” ಅಂದೆ. ಅವರು ಕಿಟಕಿಯ ಕಡೆ ತಿರುಗಿ ನಿಂತರು.

ತಾಯಿ ಚೀಟಿಯಲ್ಲಿ ಎಲ್ಲ ಬರೆದುಕೊಂಡು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ನಿಮ್ದು ಲಗ್ನ ಆಗೇತೇನ್ರೀ?”

“ಇಲ್ಲಮ್ಮ.”

“ಚಲೋ ಆತು ಬಿಡ್ರಿ” ಅಂದರು. “ಹಂಗಾರ ಲಗ್ನದ ಆರ್ಡರೂ ನೀವ ಹಿಡೀರಿ. ನಿಮಗ ಟೈಮ್ ರಗಡ ಐತಿ.”

ಹಿಡಿದೆ.